ಅರ್ಧ ಕಿಲೋದ ಕಲ್ಲು

ಷಟರ್ ಅರ್ಧ ಇಳಿಸಿ
ರದ್ದಿ ತೂಗೂ ಕಾಟಾದ ಮ್ಯಾಲ ನಿಂದರತೀನಿ,
ಚಪ್ಪಲಿ ಬಿಟ್ಟು, ಬಳಿ ಬಿಚ್ಚಿಟ್ಟು,
ಗುಡಿಯೊಳಗ ಹೋದಂಗ.
ತೊಂಬತ್ತಾರು.
ಹನ್ನೊಂದು ವಾರ ಆತು, ತೊಂಬತ್ತಾರು.

ಮನಿಯೊಳಗಿನ ಗಾಜಿನ ಕಾಟಾ
ನೂರಾ ಮೂವತ್ತರ ಮ್ಯಾಲ ಮಾತಾಡತಿರಲಿಲ್ಲ.
ಅದಕ್ಕ ಹಳೇ ಕಬ್ಬಿಣ, ತಗಡು, ಸುಟ್ಟ ಮೋಟಾರು
ತೂಗೂ ಜಾಗಾದಾಗ ನಂದೂ ತೂಕ.
ನೂರಾ ನಲವತ್ತೊಂದು ಇದ್ದಾಕಿ
ಆಪರೇಷನ್ ಆದ ಮೊದಲ ತಿಂಗಳು
ಹದಿನಾಕು ಕಿಲೋ ಇಳದೆ.
ಮೈಂದರ್ಗಿ ಬಾಜಾರದಾಗ ಮಂದಿ ನಿಂತು ನೋಡಿದರು:
ಏನ್ರೀ ಸುಗಲಾಬಾಯಿ, ಗುರ್ತಽ ಸಿಗೂದಿಲ್ಲ!
ಈಗ ಯಾರೂ ನಿಂದ್ರೂದಿಲ್ಲ.
ನಿಂತವರು ದನಿ ಇಳಿಸಿ ಕೇಳತಾರ,
ಮತ್ತ ಕದ್ದು ತಿನ್ನಾಕತ್ತೀ ಏನು?

ಏನು ತಿನ್ನಲಿ?
ಹೊಟ್ಟಿ ಕೊಯ್ದು ಹೊಲದು
ಬಾಳಿಹಣ್ಣಿನಷ್ಟು ಉಳಿಸ್ಯಾರ.
ಕಾಲು ಭಾಕ್ರಿ, ಒಂದೀಟು ಮಡಿಕಿಕಾಳು,
ಒಂದೊಂದು ತುತ್ತು ಮೂವತ್ತು ಸಲ ಅಗಿಬೇಕು.
ಎದುರಿಗೆ ಕೂತ ಯಜಮಾನರು
ಎರಡನೇ ಭಾಕ್ರಿ ಮುರಿಯೂ ಸಪ್ಪಳ.
ಶೇಂಗಾಹಿಂಡಿ ಡಬ್ಬಿ ತೆರೆದು, ಮೂಸಿ,
ಮುಚ್ಚಿಡತೀನಿ.

ಸೋಲಾಪುರದ ಡಾಕ್ಟರೀಣಿ ಮರಾಠಿಯೊಳಗ ಹೇಳಿದಳು:
ಮೈ ಹೆದರೇದ.
ಬರ ಬಂತು ಅಂತ ತಿಳದು
ಹಗೇವು ಮುಚ್ಚಿ, ಮ್ಯಾಲ ಕುಂತದ.
ಕಾಯ್ರಿ. ನಡೀರಿ. ಕಾಟಾ ನೋಡಬ್ಯಾಡ್ರಿ.

ನೋಡಬ್ಯಾಡ ಅಂದ್ರ?
ದಿನಾ ಎಂಟು ತಾಸು ನಾ ನೋಡೂದಽ ಅದು.
ಕನ್ನಡ ಪೇಪರು, ಮರಾಠಿ ಪೇಪರು, ದರ ಒಂದಽ.
ಪುಠ್ಠಾಕ್ಕ ನೀರು ಹೊಡದು ತರಾವರು,
ಗೋಣಿ ತಳದಾಗ ಹಂಚು ಇಟ್ಟು ತರಾವರು,
ಮಾರಿ ನೋಡಿ ಹೇಳತೀನಿ ನಾನು.
ನನ್ನ ಮೈ ಎಲ್ಲಿ ನೀರು ಹೊಡಕೊಂಡು ಬರತದೋ
ತಿಳೀವಲ್ದು.

ಕಡಿಮಿ ಆಗೂದು ಕೂದಲೊಂದಽ.
ಹಣಿಗಿ ತುಂಬ, ಬಚ್ಚಲ ಜಾಳಗಿ ತುಂಬ.
ಸೋಮವಾರ ಕೂದಲಾ ಕೊಳ್ಳಾವ ಬಂದ, ಸೈಕಲ್ ಮ್ಯಾಲ.
ಕಿಸೇದಾಗಿನ ಕಾಟಾ ತೆಗದು, ಕೊಕ್ಕಿಗೆ ಚೀಲ ಬಿಟ್ಟು,
ನಲವತ್ತು ಗ್ರಾಂ, ಅಂದ.
ಹನ್ನೊಂದು ವಾರದಾಗ ನಾ ಇಳಿಸಿದ್ದು ಅಷ್ಟು.
ಒಂದು ಸ್ಟೀಲಿನ ಚಮಚ ಕೊಟ್ಟು ಹೋದ, ಸಣ್ಣದು.
ಈಗ ಅದರಾಗಽ ಉಣತೀನಿ.

ನಿನ್ನಿ,
ಪುಸ್ತಕದ ಥಪ್ಪಿಗೂ ಗ್ವಾಡಿಗೂ ನಡುವಿನ ಸಂದಿ,
ಬೆಕ್ಕು ಬಿಟ್ಟರ ಯಾರೂ ಹೊಕ್ಕಿದ್ದಿಲ್ಲ ಅಲ್ಲಿ,
ಅಡ್ಡ ತಿರುಗಿ, ಉಸರು ಹಿಡದು, ಹೊಕ್ಕೆ.
ಸುಣ್ಣ ಎದಿಗೆ ಹತ್ತಿತು. ಸಿಕ್ಕೊಳ್ಳಲಿಲ್ಲ.
ಕಾಲಿಗೆ ತಣ್ಣಗ ಏನೋ ಬಡೀತು.
ತಾಮ್ರ ತೂಗೂ ತಕ್ಕಡೀದು,
ಅರ್ಧ ಕಿಲೋದ ಕಲ್ಲು.
ಜಂಗು ಹಿಡದದ. ಸರಕಾರದ ಠಸೆ ಇನ್ನೂ ಕಾಣತದ.

ಇದರ ಸಲುವಾಗಿ ಅಮೋಗಿನ್ನ ಬೈದಿದ್ದೆ,
ನಾಕು ವರ್ಷದ ಹಿಂದ. ಹದಿನೇಳರ ಹುಡುಗ.
ಗಿರಾಕಿ ಮುಂದ, ಈ ಸ್ಟೂಲಿನ ಮ್ಯಾಲ ಕೂತಽ,
ಕಳ್ಳ ಅಂದಿದ್ದೆ.
ಆ ಸಂದ್ಯಾಗ ಹೊಕ್ಕು ನೋಡತೀನ್ರೀ ಅಕ್ಕಾ, ಅಂದ.
ಥಪ್ಪಿ ಕೆಡವತೀ, ಅಂದೆ.
ನಾನು ಎದ್ದು ಹುಡುಕಲಿಲ್ಲ.
ಏಳೂದು ಅಂದ್ರ ಆಗ ಒಂದು ಕೆಲಸ.
ವಾರದ ಪಗಾರ ಬಿಟ್ಟು ಹೋದ.

ಸಂಜೀಕ, ಕಲ್ಲು ಕೈಯಾಗ ಹಿಡದು ಕಾಟಾ ಏರಿದೆ.
ತೊಂಬತ್ತಾರೂವರಿ.
ಕಾಟಾ ಕೆಟ್ಟಿಲ್ಲ ಹಂಗಾದ್ರ.

ದುಧನಿ ಅಡತ್ಯಾಗ ಹಮಾಲಿ ಮಾಡತಾನಂತ ಅಂವ,
ತೊಗರಿ ಚೀಲ ಹೊರತಾನಂತ.
ನಾಳಿ ಹತ್ತರ ಬಸ್ಸು.
ಕೈಚೀಲದಾಗ ಕಲ್ಲು, ಏಳು ದಿನದ ಪಗಾರ,
ನನ್ನ ಡಬ್ಬಿ, ಆ ಸಣ್ಣ ಚಮಚ.
ಸ್ಟ್ಯಾಂಡಿನಿಂದ ಅಡತಿ ದೂರ ಅಂತಾರ.
ನಡದಽ ಹೋಗತೀನಿ.
ಏನನ್ನಬೇಕು ಅಂತ ಗೊತ್ತಿಲ್ಲ ಇನ್ನೂ.
ಮಾತು ಬಾಯಾಗ ಇಟ್ಕೊಂಡು ಅಗಿಲಿಕ್ಕತ್ತೀನಿ,
ಇಪ್ಪತ್ತೆಂಟು,
ಇಪ್ಪತ್ತೊಂಬತ್ತು.